ಮೆಲುದನಿಗಾಗಿ ಒಂದು ಹೊಸ ಆಂಪ್ಲಿಫೈಯರ್

ಜರ್ಮನಿಯ ಬಾಡಿಗೆ ಮನೆಗೆ ಕಾಲಿಡುವವರು ಬೇಗನೆ ಕಲಿಯಬೇಕಾದ ಪದವೊಂದಿದೆ: ‘ತ್ಸಿಮ್ಮರ್‌ಲೌಟ್‌ಷ್ಟೆರ್ಕ’. ಕೋಣೆಯ ಸದ್ದು ಕೋಣೆಯೊಳಗೇ ಉಳಿಯಬೇಕು ಎಂಬುದು ಅದರ ಭಾವಾರ್ಥ. ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಗಿನ 6ರವರೆಗೆ, ಹಾಗೂ ಭಾನುವಾರ ಇಡೀ ದಿನ, ನೆರೆಯವರ ನೆಮ್ಮದಿಗೆ ಇಲ್ಲಿ ನಿಯಮದ ಕಾವಲಿರುತ್ತದೆ.

ಧಾರವಾಡದಿಂದ ತಂದೆಯವರು 90 ದಿನಗಳ ಮಟ್ಟಿಗೆ ಸ್ಟುಟ್‌ಗಾರ್ಟ್‌ನ ನಮ್ಮ ಮನೆಗೆ ಬಂದಾಗ ಈ ಪದ ನಮ್ಮನ್ನು ಇಕ್ಕಟ್ಟಿಗೆ ಸಿಲುಕಿಸಿತು. ರಾತ್ರಿಯೂಟದ ಬಳಿಕ ಮಲ್ಲಿಕಾರ್ಜುನ ಮನ್ಸೂರರ ಗಾಯನ ಕೇಳದೆ ಮಲಗುವವರಲ್ಲ ಅವರು. ಹಿಂದೆ ಅವರೇ ಕೊಟ್ಟು ಕಳುಹಿಸಿದ್ದ ಆಂಪ್ಲಿಫೈಯರ್ ನಮ್ಮಲ್ಲಿತ್ತು. ಇಲ್ಲಿನ ವಿದ್ಯುತ್ತೂ ಭಾರತದಂತೆ 230 ವೋಲ್ಟ್, 50 ಹರ್ಟ್ಸ್ ಆದ್ದರಿಂದ ಪ್ಲಗ್ ಬದಲಿಸಿದರೆ ಸಾಕಾಗಿತ್ತು. 120 ವೋಲ್ಟ್‌ನ ಅಮೆರಿಕಕ್ಕೆ ಒಯ್ಯುವವರಿಗೆ ಈ ಅನುಕೂಲವಿಲ್ಲ.

ತೊಡಕು ಬೇರೆಡೆ ಇತ್ತು. ದನಿ ತಗ್ಗಿಸಿದರೆ ಎಡಗಡೆಯ ಸ್ಪೀಕರ್ ಮೌನವಾಗುತ್ತಿತ್ತು. ಹಳೆಯ ವಾಲ್ಯೂಮ್ ಗುಂಡಿಗಳಲ್ಲಿ ಮೊದಲ ತಿರುವಿನಲ್ಲಿ ಎರಡು ಬದಿಗಳ ಪ್ರಮಾಣ ಸರಿಹೊಂದದಿರುವುದು ಸಾಮಾನ್ಯ. ಸವೆದ ಮೇಲೆ ಇನ್ನೂ ಹೆಚ್ಚು. ಎರಡೂ ನುಡಿಯಬೇಕೆಂದರೆ ದನಿ ಏರಿಸಬೇಕು. ಏರಿಸಿದೆವು. ಮೂರನೆಯ ದಿನ ಕೆಳಮನೆಯ ವೃದ್ಧೆ ನಮ್ಮ ಬಾಗಿಲಿಗೆ ಚೀಟಿ ಅಂಟಿಸಿದ್ದರು.

ಹೆಡ್‌ಫೋನ್ ತಂದುಕೊಟ್ಟೆ. ಅಪ್ಪ ಒಪ್ಪಲಿಲ್ಲ. “ಕಿವಿ ಮುಚ್ಚಿಕೊಂಡು ಕೇಳೂದಂದ್ರ ಒಬ್ಬನ ಕುಂತು ಉಂಡಂಗ ಆಗ್ತದ, ತಮ್ಮಾ” ಎಂದು ಅಂದಿನಿಂದ ಒಂಬತ್ತಕ್ಕೇ ಮಲಗತೊಡಗಿದರು. ದಿನಗಳು ಉರುಳುತ್ತಿದ್ದವು.

ಹೊಸ ಆಂಪ್ಲಿಫೈಯರ್ ಹುಡುಕಲು ಹೊರಟಾಗ 100 ವಾಟಿನ ಯಂತ್ರಗಳೇ ಮೊದಲು ಕಣ್ಣಿಗೆ ಬಿದ್ದವು. ಆದರೆ ವಾಟ್ ಇಮ್ಮಡಿಯಾದರೆ ದನಿ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಎನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಕೋಣೆಯ ಮಟ್ಟದ ಆಲಿಕೆಗೆ ಒಂದು ವಾಟ್ ಕೂಡ ಧಾರಾಳ. ಆದ್ದರಿಂದ ನಾನು ಶಕ್ತಿಯನ್ನು ಬಿಟ್ಟು ಬೇರೆ ನಾಲ್ಕನ್ನು ಪರಿಶೀಲಿಸಿದೆ: ಕನಿಷ್ಠ ದನಿಯಲ್ಲೂ ಎರಡು ಬದಿಗಳು ಸಮನಾಗಿರುವ ಎಲೆಕ್ಟ್ರಾನಿಕ್ ನಿಯಂತ್ರಣ, ನಮ್ಮ 8 ಓಮ್ ಸ್ಪೀಕರ್‌ಗಳಿಗೆ ಹೊಂದಿಕೆ, ಗ್ರಾಮಫೋನ್ ತಟ್ಟೆಗಳಿಗಾಗಿ ಫೋನೋ ಪ್ರವೇಶ, ಮತ್ತು ‘ಲೌಡ್‌ನೆಸ್’ ಗುಂಡಿ. ದನಿ ತಗ್ಗಿದಾಗ ಕಿವಿಗೆ ಮಂದ್ರ ಸ್ವರಗಳು ಮೊದಲು ಮಾಸುತ್ತವೆ. ಆ ಗುಂಡಿ ಅವನ್ನು ಮರಳಿ ತುಂಬಿಕೊಡುತ್ತದೆ. ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಕಾರಣ ಹೇಳದೆಯೇ 14 ದಿನಗಳೊಳಗೆ ಹಿಂದಿರುಗಿಸುವ ಹಕ್ಕು ಇಲ್ಲಿರುವುದರಿಂದ ಧೈರ್ಯವಾಗಿ ತರಿಸಿದೆ.

ಅಂದು ರಾತ್ರಿ ಒಂಬತ್ತೂವರೆಗೆ ದನಿ ಹೊಂದಿಸಿ, ಅಪ್ಪನನ್ನು ಒಳಗೆ ಕೂರಿಸಿ, ನಾನು ಮೆಟ್ಟಿಲಿಳಿದು ಕೆಳಮನೆಯ ಬಾಗಿಲ ಬಳಿ ಕಿವಿಗೊಟ್ಟು ನಿಂತೆ. ಏನೂ ಕೇಳಿಸಲಿಲ್ಲ. ಮೇಲೆ ಬಂದರೆ ತಂಬೂರಿಯ ನಾದ ಎರಡೂ ಬದಿಯಿಂದ ಹರಿದು ಬರುತ್ತಿತ್ತು. ಅಪ್ಪ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು.

ಹಳೆಯದನ್ನು ಏನು ಮಾಡುವುದು? ಇಲ್ಲಿ ವಿದ್ಯುತ್ ಉಪಕರಣಗಳನ್ನು ಮನೆಯ ಕಸದೊಡನೆ ಎಸೆಯುವಂತಿಲ್ಲ. ಪ್ರತ್ಯೇಕ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬೇಕು. ಅಪ್ಪ ಅದಕ್ಕೂ ಒಪ್ಪಲಿಲ್ಲ. ಹಿಂದಿರುಗುವಾಗ ಬಟ್ಟೆಗಳನ್ನು ನಮ್ಮಲ್ಲೇ ಬಿಟ್ಟು ಅದನ್ನು ಪೆಟ್ಟಿಗೆಗೆ ತುಂಬಿಸಿದರು.

“ನಮ್ಮ ಓಣ್ಯಾಗ ದನಿ ಸಣ್ಣ ಮಾಡು ಅನ್ನವ್ರು ಯಾರದಾರ?”