ಸರ್ಕಾರಿ ವಕೀಲರ ಕಚೇರಿ ಮತ್ತು ಗ್ರಾಹಕ ಆಯೋಗ: ಗಡಿ ತಾಲ್ಲೂಕುಗಳ ಎರಡು ನ್ಯಾಯಮಾರ್ಗ

ಚಿತ್ರದುರ್ಗ ಜಿಲ್ಲೆಯಲ್ಲಿ ಆಂಧ್ರಪ್ರದೇಶದ ಗಡಿಗೆ ತಾಗಿಕೊಂಡಿರುವ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳಲ್ಲಿ, ಗೋಮಾಳದ ಹದ್ದಿನ ವಿಚಾರವಾಗಿ ಸರ್ಕಾರದೊಡನೆ ತಕರಾರು ಬಂದವರೂ ಮೊಳೆಯದ ಶೇಂಗಾ ಬೀಜ ಕೊಂಡು ನಷ್ಟಕ್ಕೊಳಗಾದವರೂ ‘ಕೋರ್ಟಿಗೆ ಹೋಗಬೇಕು’ ಎಂದೇ ಹೇಳುತ್ತಾರಾದರೂ, ಅವರಿಬ್ಬರೂ ಹತ್ತಬೇಕಾದ ಮೆಟ್ಟಿಲು ಒಂದೇ ಅಲ್ಲ. ಮೊದಲನೆಯವರಿಗೆ ಎದುರಾಗಿ ಸರ್ಕಾರಿ ವಕೀಲರು ವಾದಿಸುತ್ತಾರೆ. ಎರಡನೆಯವರ ಪರವಾಗಿ ವಾದಿಸಲು ಸರ್ಕಾರಿ ವಕೀಲರು ಸಾಮಾನ್ಯವಾಗಿ ಬರುವುದಿಲ್ಲ. ಅಮೆರಿಕದ ರಾಜ್ಯಗಳಲ್ಲಿ ಅಟಾರ್ನಿ ಜನರಲ್ ಕಚೇರಿಯೇ ಸರ್ಕಾರದ ದಾವೆಗಳನ್ನೂ ಗ್ರಾಹಕರ ಪರವಾದ ಮೊಕದ್ದಮೆಗಳನ್ನೂ ನಡೆಸುವುದುಂಟು. ಕರ್ನಾಟಕದಲ್ಲಿ ಈ ಎರಡು ಹೊಣೆಗಳು ಬೇರೆ ಬೇರೆ ಸಂಸ್ಥೆಗಳಿಗೆ ಹಂಚಿಹೋಗಿವೆ.

ಸಂವಿಧಾನದ 165ನೇ ವಿಧಿಯಂತೆ ನೇಮಕವಾಗುವ ಅಡ್ವೊಕೇಟ್ ಜನರಲ್ ರಾಜ್ಯದ ಅತ್ಯುನ್ನತ ಕಾನೂನು ಅಧಿಕಾರಿಯಾಗಿದ್ದು, ಜಿಲ್ಲೆ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ ಸರ್ಕಾರದ ಸಿವಿಲ್ ವ್ಯಾಜ್ಯಗಳನ್ನು ನಡೆಸುವ ವಕೀಲರನ್ನು 1977ರ ಕಾನೂನು ಅಧಿಕಾರಿಗಳ ನಿಯಮಗಳ ಅಡಿಯಲ್ಲಿ ನೇಮಿಸಲಾಗುತ್ತದೆ. ಸರ್ಕಾರದ ಮೇಲೆ ದಾವೆ ಹೂಡುವವರು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಂತೆ ಸರ್ಕಾರದ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ ಮೊದಲು ಲಿಖಿತ ನೋಟಿಸು ಕೊಟ್ಟು ಎರಡು ತಿಂಗಳು ಕಾಯಬೇಕು. ತುರ್ತಿನ ಪರಿಹಾರ ಬೇಕಾದಾಗ ಮಾತ್ರ ನ್ಯಾಯಾಲಯದ ಅನುಮತಿ ಪಡೆದು ನೋಟಿಸಿಲ್ಲದೆ ಮುಂದುವರಿಯಬಹುದು. ತಕರಾರು ನ್ಯಾಯಾಲಯಕ್ಕೆ ಬರುವ ಮೊದಲೇ ಇತ್ಯರ್ಥವಾಗಲಿ ಎಂಬುದು ಈ ಕಾಯುವಿಕೆಯ ಉದ್ದೇಶ. ದಾವೆ ದಾಖಲಾದ ಮೇಲೆ ಸರ್ಕಾರಿ ವಕೀಲರು ಕಂದಾಯ ಕಡತಗಳನ್ನೂ ಇಲಾಖೆಯ ಪ್ಯಾರಾವಾರು ಉತ್ತರವನ್ನೂ ತರಿಸಿಕೊಂಡು ಲಿಖಿತ ಹೇಳಿಕೆ ಸಿದ್ಧಪಡಿಸುವುದರಿಂದ, ಮೊಕದ್ದಮೆಯ ಬಲಾಬಲ ವಕೀಲರ ವಾದಕ್ಕಿಂತಲೂ ಹೆಚ್ಚಾಗಿ ತಾಲ್ಲೂಕು ಕಚೇರಿಯ ದಾಖಲೆ ಸಕಾಲಕ್ಕೆ ಬಂತೇ ಎಂಬುದನ್ನು ಅವಲಂಬಿಸಿರುತ್ತದೆ. ಕಾಲಮಿತಿಯಲ್ಲೂ ಸರ್ಕಾರಕ್ಕೆ ವಿಶೇಷ ರಿಯಾಯಿತಿಯಿದೆ: ಸ್ಥಿರಾಸ್ತಿಯ ಸ್ವಾಧೀನ ಕೋರುವ ಖಾಸಗಿಯವರಿಗೆ 12 ವರ್ಷಗಳ ಅವಧಿಯಿದ್ದರೆ ಸರ್ಕಾರಕ್ಕೆ 30 ವರ್ಷಗಳಿವೆ.

ಗ್ರಾಹಕರ ಮಾರ್ಗ ಇದಕ್ಕಿಂತ ಸರಳವಾಗಿರಬೇಕೆಂಬ ಆಶಯದಿಂದ 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ರೂಪುಗೊಂಡಿತು. ಅದರ ಸ್ಥಾನದಲ್ಲಿ 2019ರ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಿತು. ಈ ಎರಡು ತಾಲ್ಲೂಕುಗಳಿಗೆ ಚಿತ್ರದುರ್ಗದಲ್ಲಿರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವೇ ಮೊದಲ ನ್ಯಾಯಸ್ಥಾನ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದ ಪ್ರಕರಣಗಳು ಇಲ್ಲಿಗೆ ಬರುತ್ತವೆ. ಆ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. ದಾವೆಯ ಮೌಲ್ಯಕ್ಕೆ ತಕ್ಕಂತೆ ಕೋರ್ಟ್ ಫೀ ಕಟ್ಟಬೇಕಾದ ಸಿವಿಲ್ ನ್ಯಾಯಾಲಯಕ್ಕೆ ಹೋಲಿಸಿದರೆ ಇದು ಸಣ್ಣ ಸೌಲಭ್ಯವಲ್ಲ. ವಕೀಲರಿಲ್ಲದೆಯೇ ದೂರುದಾರರು ತಮ್ಮ ವಾದವನ್ನು ತಾವೇ ಮಂಡಿಸಬಹುದು. ಎದುರುದಾರರು, ಅಂದರೆ ಮಾರಾಟಗಾರರು ಅಥವಾ ಸೇವೆ ಒದಗಿಸಿದವರು, 30 ದಿನಗಳೊಳಗೆ, ಹೆಚ್ಚೆಂದರೆ ಇನ್ನೂ 15 ದಿನಗಳೊಳಗೆ ಉತ್ತರ ಸಲ್ಲಿಸಬೇಕು. ಈ ಗಡುವನ್ನು ಆಯೋಗ ಮತ್ತೆ ವಿಸ್ತರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ತೀರ್ಪಿತ್ತಿದೆ.

ಎಣ್ಣೆ ಗಿರಣಿಗಳಿಂದ ಹೆಸರಾದ ಚಳ್ಳಕೆರೆಯ ಸೀಮೆಯಲ್ಲಿ ಗ್ರಾಹಕ ಕಾನೂನಿನ ನಿಜವಾದ ಪರೀಕ್ಷೆ ನಡೆಯುವುದು ಬಿತ್ತನೆ ಬೀಜದ ವಿಷಯದಲ್ಲಿ. ಮಳೆಯಾಶ್ರಿತ ಕೆಂಪು ನೆಲದಲ್ಲಿ ಶೇಂಗಾ ಬಿತ್ತುವ ರೈತರಿಗೆ ಬೀಜ ಮೊಳೆಯದಿದ್ದರೆ ಬೀಜದ ಬೆಲೆಯ ಜೊತೆಗೆ ಹದವಾದ ಮಳೆಯೂ ಆ ವರ್ಷದ ಮುಂಗಾರೂ ಕೈತಪ್ಪುತ್ತವೆ. ಬೀಜದಲ್ಲಿ ದೋಷವಿದೆಯೆಂದಾದರೆ ಅದರ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕೆಂಬ ಕಾಯ್ದೆಯ ವಿಧಾನವನ್ನು ಹಿಡಿದುಕೊಂಡು, ರೈತರ ಬಳಿ ಮಾದರಿಯೇ ಇಲ್ಲವೆಂದು ಕಂಪನಿಗಳು ಬಹುಕಾಲ ವಾದಿಸುತ್ತಿದ್ದವು. ರಾಷ್ಟ್ರೀಯ ಬೀಜ ನಿಗಮ ಮತ್ತು ಮಧುಸೂದನ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಈ ವಾದವನ್ನು ತಳ್ಳಿಹಾಕಿತು. ಬಿತ್ತುವುದಕ್ಕೆಂದೇ ಬೀಜ ಕೊಳ್ಳುವ ರೈತರು ಪರೀಕ್ಷೆಗೆಂದು ಒಂದು ಪಾಲನ್ನು ಎತ್ತಿಡುವರೆಂದು ನಿರೀಕ್ಷಿಸಲಾಗದೆಂದೂ, 1966ರ ಬೀಜ ಕಾಯ್ದೆ ಇದ್ದ ಮಾತ್ರಕ್ಕೆ ಅವರು ಗ್ರಾಹಕ ವೇದಿಕೆಗೆ ಬರುವ ಹಕ್ಕನ್ನು ಕಳೆದುಕೊಳ್ಳುವುದಿಲ್ಲವೆಂದೂ ಹೇಳಿತು. ಹೀಗಾಗಿ ಹೊಲಕ್ಕೆ ಭೇಟಿಯಿತ್ತ ಕೃಷಿ ಅಧಿಕಾರಿಯ ವರದಿ, ಖರೀದಿಯ ರಸೀದಿ, ಚೀಲದ ಮೇಲಿನ ಲಾಟ್ ಸಂಖ್ಯೆಯ ಚೀಟಿ ಇವೇ ಮುಖ್ಯ ಸಾಕ್ಷ್ಯಗಳಾಗುತ್ತವೆ. ವಿಪರ್ಯಾಸವೆಂದರೆ, ಬಿತ್ತನೆ ಮುಗಿದ ಮೇಲೆ ಮೊದಲು ಕಸಕ್ಕೆ ಸೇರುವುದೂ ಆ ಚೀಲವೇ.

ಮೊಳಕಾಲ್ಮುರಿನ ಮಟ್ಟಿಗೆ 2019ರ ಕಾಯ್ದೆ ತಂದ ಬಹುದೊಡ್ಡ ಬದಲಾವಣೆ ಅಧಿಕಾರವ್ಯಾಪ್ತಿಗೆ ಸಂಬಂಧಿಸಿದ್ದು. ಇಲ್ಲಿನ ಜನರಿಗೆ ಗಡಿಯಾಚೆಯ ರಾಯದುರ್ಗ ಹತ್ತಿರದ ಪೇಟೆ. ಹಿಂದಿನ ಕಾಯ್ದೆಯಲ್ಲಿ ಎದುರುದಾರರು ವ್ಯವಹರಿಸುವ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಸ್ಥಳದಲ್ಲಷ್ಟೇ ದೂರು ಸಲ್ಲಬೇಕಾಗಿದ್ದರಿಂದ, ಅಲ್ಲಿ ಕೊಂಡ ಪಂಪಿನ ತಕರಾರಿಗೆ ಆಂಧ್ರದ ವೇದಿಕೆಗೇ ಅಲೆಯಬೇಕಾಗುತ್ತಿತ್ತು. ಈಗ ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ರೇಷ್ಮೆ ಸೀರೆಗಳನ್ನು ನೇಯುವ ಇಲ್ಲಿನ ನೇಕಾರರೂ, ವಾಣಿಜ್ಯ ಉದ್ದೇಶದ ಖರೀದಿಯನ್ನು ಕಾಯ್ದೆ ಹೊರಗಿಟ್ಟಿದ್ದರೂ, ಸ್ವಂತ ದುಡಿಮೆಯ ಜೀವನೋಪಾಯಕ್ಕೆಂದೇ ಕೊಂಡ ಮಗ್ಗದ ಮಟ್ಟಿಗೆ ಗ್ರಾಹಕರೇ.

ಬೆಸ್ಕಾಂನಂಥ ಸರ್ಕಾರಿ ಕಂಪನಿಯ ಸೇವೆಯೂ ಆಯೋಗದ ವ್ಯಾಪ್ತಿಗೆ ಬರುತ್ತದೆ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ನೀಡುವ ಸರ್ಕಾರಿ ಆಸ್ಪತ್ರೆ ಮಾತ್ರ 1995ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಹೊರಗುಳಿಯುತ್ತದೆ.

ಎರಡು ಮಾರ್ಗಗಳು ಕೂಡುವ ಒಂದು ಸ್ಥಳವಿದೆ, ಅದು ಜಿಲ್ಲಾಧಿಕಾರಿ ಕಚೇರಿ. 80ನೇ ಕಲಮಿನ ನೋಟಿಸನ್ನು ಸ್ವೀಕರಿಸುವ ಇದೇ ಅಧಿಕಾರಿಗೆ, ಗ್ರಾಹಕರ ಹಕ್ಕುಗಳು ಸಾಮೂಹಿಕವಾಗಿ ಉಲ್ಲಂಘನೆಯಾದಾಗ ವಿಚಾರಣೆ ನಡೆಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ವರದಿ ಕೊಡುವ ಅಧಿಕಾರವನ್ನು 2019ರ ಕಾಯ್ದೆಯ 16ನೇ ಕಲಮು ನೀಡಿದೆ. ರಾಜ್ಯ ಸರ್ಕಾರವೂ ದೂರುದಾರನಾಗಬಹುದೆಂದು ಕಾಯ್ದೆ ಹೇಳುತ್ತದೆ. ಒಂದೇ ಲಾಟಿನ ಬೀಜದಿಂದ ಇಡೀ ಹೋಬಳಿಯೇ ನಷ್ಟ ಅನುಭವಿಸಿದಾಗ ಒಬ್ಬೊಬ್ಬ ರೈತರೂ ಚಿತ್ರದುರ್ಗಕ್ಕೆ ಅಲೆಯುವುದಕ್ಕಿಂತ ಈ ಅವಕಾಶಗಳ ಬಳಕೆಯೇ ಯುಕ್ತ.

ಒಂಟಿಯಾಗಿ ಹೋರಾಡಬೇಕಾದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ರಚನೆಯಾಗುವ ತಾಲ್ಲೂಕು ಕಾನೂನು ಸೇವಾ ಸಮಿತಿಯ ನೆರವಿದೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುವುದರಿಂದ, ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿರುವ ಈ ಸೀಮೆಯಲ್ಲಿ ಅದರ ಪ್ರಯೋಜನಕ್ಕೆ ಅರ್ಹರಾದವರು ಬಹಳ ಮಂದಿ. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕಾದ್ದರಿಂದ, ರಸೀದಿಯನ್ನೂ ಬೀಜದ ಚೀಲದ ಚೀಟಿಯನ್ನೂ ಬೆಳೆ ಮನೆಗೆ ಬರುವವರೆಗಾದರೂ ಕಾಪಾಡಿಕೊಳ್ಳುವುದು ಒಳಿತು.