ಉಡುಗೊರೆಗೆ ಎಷ್ಟು ತೆಗೆದಿಡೋಣ?

ಕ್ರಿಸ್ಮಸ್ ಉಡುಗೊರೆಯ ಲೆಕ್ಕಗಳಲ್ಲಿ ಲೋಕಪ್ರಸಿದ್ಧವಾದದ್ದು 1 ಡಾಲರ್ 87 ಸೆಂಟಿನ ಲೆಕ್ಕ. ಅಮೆರಿಕದ ಕತೆಗಾರ ಓ. ಹೆನ್ರಿ 1905ರಲ್ಲಿ ಬರೆದ ‘ದಿ ಗಿಫ್ಟ್ ಆಫ್ ದಿ ಮ್ಯಾಜೈ’ ಕತೆಯಲ್ಲಿ, ಹಬ್ಬದ ಹಿಂದಿನ ದಿನ ಡೆಲ್ಲಾ ಎಂಬ ಗೃಹಿಣಿಯ ಕೈಯಲ್ಲಿ ಉಳಿದಿದ್ದ ಹಣ ಅಷ್ಟೇ. ತರಕಾರಿಯವನ ಹತ್ತಿರ, ಮಾಂಸದಂಗಡಿಯವನ ಹತ್ತಿರ ಚೌಕಾಸಿ ಮಾಡಿ ಕಾಸು ಕಾಸಾಗಿ ಕೂಡಿಸಿದ್ದು. ಗಂಡ ಜಿಮ್‌ಗೆ ವಾರಕ್ಕೆ 20 ಡಾಲರ್ ಸಂಬಳ; ಅದರಲ್ಲಿ 8 ಡಾಲರ್ ಮನೆ ಬಾಡಿಗೆಗೇ ಹೋಗುತ್ತದೆ. ಡೆಲ್ಲಾ ತನ್ನ ನೀಳ ಕೂದಲನ್ನು 20 ಡಾಲರಿಗೆ ಮಾರಿ, ಗಂಡನ ಚಿನ್ನದ ಗಡಿಯಾರಕ್ಕೆ 21 ಡಾಲರಿನ ಸರಪಳಿ ಕೊಳ್ಳುತ್ತಾಳೆ. ಕೈಯಲ್ಲಿ ಉಳಿಯುವುದು 87 ಸೆಂಟ್. ಅತ್ತ ಜಿಮ್ ಅದೇ ಗಡಿಯಾರವನ್ನು ಮಾರಿ ಅವಳ ಕೂದಲಿಗೆಂದು ಬಾಚಣಿಗೆಗಳನ್ನು ತಂದಿರುತ್ತಾನೆ.

ಓದಿದವರೆಲ್ಲ ಅವರಿಬ್ಬರ ಪ್ರೀತಿಯನ್ನು ಹೊಗಳುತ್ತಾರೆ. ನಾನೂ ಹೊಗಳುತ್ತೇನೆ. ಆದರೆ ಮನೆ ನಡೆಸುವವರ ಕಣ್ಣಿಗೆ ಇನ್ನೊಂದು ಸಂಗತಿಯೂ ಬೀಳುತ್ತದೆ: ಸರಪಳಿಯ ಬೆಲೆ ಗಂಡನ ವಾರದ ಸಂಬಳಕ್ಕಿಂತ ಒಂದು ಡಾಲರ್ ಹೆಚ್ಚು! ಮುಂದಿನ ವರ್ಷ ಏನು ಮಾರುವುದು? ಕೂದಲಾದರೆ ಮತ್ತೆ ಬೆಳೆಯುತ್ತದೆ, ಗಡಿಯಾರ ಬೆಳೆಯುವುದಿಲ್ಲ. ಕತೆ ಹಬ್ಬದ ಮುನ್ನಾದಿನದ ರಾತ್ರಿಗೇ ಮುಗಿದುಬಿಡುತ್ತದೆ. ನಮ್ಮ ನಿಮ್ಮ ಮನೆಗಳಲ್ಲಿ ಅದಾದ ಮೇಲೆ ಜನವರಿಯೂ ಬರುತ್ತದೆ.

ಮಂಗಳೂರು ಕಡೆಯ ಕ್ರೈಸ್ತರ ಮನೆಯನ್ನೇ ನೋಡಿ. ಡಿಸೆಂಬರ್ ಕಾಲಿಟ್ಟ ಕೂಡಲೇ ಕುಸ್ವಾರ್ ತಯಾರಿ. ಅಕ್ಕಿ ಹಿಟ್ಟು, ಮೈದಾ, ತೆಂಗಿನಕಾಯಿ, ಸಕ್ಕರೆ, ಎಣ್ಣೆ ಎಲ್ಲ ಸೇರಿ ದಿನಸಿ ಅಂಗಡಿಯ ಚೀಟಿ ಉದ್ದವಾಗುತ್ತದೆ. ನೆವ್ರ್ಯೊ, ಗುಳಿಯೊ, ಕಿಡ್ಯೊ, ರೋಸ್ ಕುಕ್ಕೀಸ್ ಡಬ್ಬಿ ತುಂಬುತ್ತವೆ. (ಕಿಡ್ಯೊ ಎಂದರೆ ಕೊಂಕಣಿಯಲ್ಲಿ ಹುಳಗಳು. ಸುರುಳಿ ಸುತ್ತಿದ ಆ ಸಿಹಿಯನ್ನು ನೋಡಿದರೆ ಹೆಸರು ಯಾಕೆ ಬಂತೆಂದು ಮಕ್ಕಳಿಗೆ ಹೇಳಬೇಕಾಗಿಲ್ಲ.) ಅದರ ಜೊತೆ ಕೇಕ್, ನಕ್ಷತ್ರದ ಗೂಡುದೀಪ, ಗೋದಲಿಗೆ ಹುಲ್ಲು, ಗೊಂಬೆ, ಎಲ್ಲರಿಗೂ ಹೊಸ ಬಟ್ಟೆ. ಹಿಂದೆ ಎಷ್ಟೋ ಮನೆಗಳಲ್ಲಿ ಆ ಬಟ್ಟೆಯೇ ಉಡುಗೊರೆ. ಈಗ ಬಣ್ಣದ ಕಾಗದ ಸುತ್ತಿದ ಪೊಟ್ಟಣವೂ ಬೇಕು. ಅದರ ಸರದಿ ಬರುವ ಹೊತ್ತಿಗೆ ಪರ್ಸು ಅರ್ಧ ಖಾಲಿಯಾಗಿರುತ್ತದೆ.

ಇಕ್ಕಟ್ಟು ಹೆಚ್ಚಾಗಿ ಅಜ್ಜ-ಅಜ್ಜಿಯರದ್ದು. ಕೊಲ್ಲಿ ದೇಶದಿಂದ ಬಂದ ಮಾವ ಮಕ್ಕಳಿಗೆ ಟ್ಯಾಬ್ ತಂದಿರುತ್ತಾನೆ. ಅದರ ಪಕ್ಕದಲ್ಲಿ ತಾನು ತಂದ ಬಣ್ಣದ ಪೆನ್ಸಿಲ್ ಪೆಟ್ಟಿಗೆಯನ್ನು ಇಡಲು ಅಜ್ಜನಿಗೆ ಕೈ ಬರುವುದಿಲ್ಲ. ಈ ಸಂಕೋಚ ಕೆಟ್ಟದ್ದು. ಇದೇ ಸಂಕೋಚದಿಂದ ಠೇವಣಿ ಮುರಿಸುವವರಿದ್ದಾರೆ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ‘ಮುಂದಿನ ತಿಂಗಳು ತಂದರಾಯಿತು’ ಎಂದು ಮುಂದೂಡುವವರಿದ್ದಾರೆ. ಮಕ್ಕಳಿಗೆ ಇದು ಗೊತ್ತಾಗುವುದೇ ಇಲ್ಲ; ಯಾರೂ ಹೇಳುವುದಿಲ್ಲವಲ್ಲ.

ಆದ್ದರಿಂದ ಮೊದಲು ನಿರ್ಧಾರವಾಗಬೇಕಾದದ್ದು ವಸ್ತುವಲ್ಲ, ಮೊತ್ತ. ನಾವು ಮಾಡುವುದು ಇದಕ್ಕೆ ತಿರುಗುಮುರುಗು. ಮೊದಲು ಅಂಗಡಿಗೆ ಹೋಗುತ್ತೇವೆ, ಚೆಂದ ಕಂಡದ್ದನ್ನು ಎತ್ತಿಕೊಳ್ಳುತ್ತೇವೆ, ಯಾರಿಗೆ ಎಂದು ಆಮೇಲೆ ಯೋಚಿಸುತ್ತೇವೆ, ಎಷ್ಟಾಯಿತೆಂದು ಬಿಲ್ಲು ಕೈಗೆ ಬಂದಾಗ ನೋಡುತ್ತೇವೆ. ಜನವರಿಯ ಔಷಧಿ, ಕರೆಂಟು ಬಿಲ್ಲು, ಗ್ಯಾಸ್, ಬಾಡಿಗೆ, ಶಾಲೆಯ ಬಾಕಿ ಕಂತು ಇದ್ದರೆ ಅದು, ಇಷ್ಟನ್ನೂ ಪಕ್ಕಕ್ಕೆ ತೆಗೆದಿಟ್ಟ ಮೇಲೆ ಉಳಿಯುವ ಹಣದಿಂದ ಒಂದು ಮೊತ್ತ ಎತ್ತಬೇಕು. ಅದು 500 ರೂಪಾಯಿಯಾದರೆ 500. ನಾಚಿಕೊಳ್ಳುವಂಥದ್ದು ಏನೂ ಇಲ್ಲ.

ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ಪಿಂಚಣಿಯಲ್ಲಿ ಬದುಕುವ ಅಜ್ಜ-ಅಜ್ಜಿ ಈ ವರ್ಷ 4,000 ರೂಪಾಯಿ ಎಂದು ನಿಶ್ಚಯಿಸಿದರು ಎನ್ನಿ. ಮೊದಲು ಕಾಗದ, ರಿಬ್ಬನ್, ಕೊರಿಯರ್, ಆಟೋ ಎಂದು 300 ಬದಿಗಿಡಬೇಕು. ಎಲ್ಲರೂ ಮರೆಯುವ ಖರ್ಚು ಇದು. ಮನೆಗೆಲಸಕ್ಕೆ ಬರುವ ಅಕ್ಕನಿಗೆ 700. ಈ ಹೆಸರು ಪಟ್ಟಿಯ ಮೇಲ್ಗಡೆಯೇ ಇರಲಿ. ಕೊನೆಯಲ್ಲಿ ಬರೆದರೆ ಅವರಿಗೆ ಉಳಿಯುವುದು ಹಳೆಯ ಸೀರೆ ಮಾತ್ರ. ಐವರು ಮೊಮ್ಮಕ್ಕಳಿಗೆ ತಲಾ 400ರಂತೆ 2,000. ಇಬ್ಬರು ಮಕ್ಕಳ ಸಂಸಾರಕ್ಕೆ ಮನೆಗೊಂದು ವಸ್ತು, 300ರಂತೆ 600. ನಾಲ್ವರು ಸ್ನೇಹಿತರಿಗೆ 50ರಂತೆ 200. ಒಟ್ಟು 3,800. ಉಳಿದ 200 ರೂಪಾಯಿ, ಹಬ್ಬದ ದಿನ ‘ಅಯ್ಯೋ, ಇವರನ್ನು ಮರೆತೆವಲ್ಲ’ ಎಂದು ನೆನಪಾಗುವ ಒಬ್ಬರಿಗೆ. ಅಂಥವರು ಒಬ್ಬರಾದರೂ ಇದ್ದೇ ಇರುತ್ತಾರೆ.

ಐವರಿಗೂ 400 ಎಂದರೆ ನ್ಯಾಯವೇ ಎಂದು ಕೇಳಬಹುದು. ನಾಲ್ಕು ವರ್ಷದ ಮಗುವಿಗೆ ಬೆಲೆ ತಿಳಿಯದು. ಅದಕ್ಕೆ ಪೊಟ್ಟಣ ದೊಡ್ಡದಿದ್ದರೆ ಸಾಕು, ಕೆಲವೊಮ್ಮೆ ಒಳಗಿನ ಆಟಿಕೆಗಿಂತ ರಟ್ಟಿನ ಪೆಟ್ಟಿಗೆಯೇ ಇಷ್ಟ. ಹದಿನೈದರ ಹುಡುಗನಿಗೆ ಎಂ.ಆರ್.ಪಿ. ಬಾಯಿಪಾಠ. ಚಿಕ್ಕವರಿಂದ ನೂರು ಉಳಿಸಿ ದೊಡ್ಡವರಿಗೆ ಸೇರಿಸಿದರೆ ತಪ್ಪೇನಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಒಂದೇ ವಯಸ್ಸಿನ ಇಬ್ಬರ ನಡುವೆ ಹತ್ತು ರೂಪಾಯಿಯ ವ್ಯತ್ಯಾಸವನ್ನೂ ಮಾಡಬೇಡಿ. ಆ ಹತ್ತು ರೂಪಾಯಿಯನ್ನು ಅವರು ಮುದುಕರಾಗುವ ತನಕ ನೆನಪಿಡುತ್ತಾರೆ.

ಡಿಸೆಂಬರಿನಲ್ಲಿ ಒಮ್ಮೆಗೇ 4,000 ತೆಗೆಯುವುದು ಕಷ್ಟ. ಫೆಬ್ರುವರಿಯಿಂದ ನವೆಂಬರ್ ತನಕ ಹತ್ತು ತಿಂಗಳು 400ರಂತೆ ತೆಗೆದಿಟ್ಟರೆ ಹಗುರ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕಾರ್ಲೈಲ್ ಎಂಬ ಊರಿನ ಬ್ಯಾಂಕೊಂದು 1909ರಲ್ಲಿ ಇದಕ್ಕೆಂದೇ ‘ಕ್ರಿಸ್ಮಸ್ ಉಳಿತಾಯ’ ಶುರುಮಾಡಿತು. ಮೊದಲ ವರ್ಷ ಸುಮಾರು 350 ಮಂದಿ ಸೇರಿ, ಸರಾಸರಿ 28 ಡಾಲರಿನಂತೆ ಕೂಡಿಸಿದರು. ಹಣ ಕೈಸೇರಿದ್ದು ಡಿಸೆಂಬರ್ 1ಕ್ಕೆ, ಸರಿಯಾಗಿ ಹಬ್ಬದ ಮುಂಚೆ. ಆಮೇಲೆ ಇಂಥ ‘ಕ್ರಿಸ್ಮಸ್ ಕ್ಲಬ್’ಗಳು ಆ ದೇಶದ ತುಂಬ ಹಬ್ಬಿದವು. ನಮ್ಮಲ್ಲಿ ಅಂಚೆ ಕಚೇರಿಯ ಆರ್.ಡಿ. ಇದೆ. ಅದೂ ಬೇಡವೆಂದರೆ ಅಡುಗೆಮನೆಯ ಸಾಸಿವೆ ಡಬ್ಬಿ ಇದೆ.

ಸರಿ, ಇಷ್ಟೆಲ್ಲ ಲೆಕ್ಕ ಹಾಕಿದರೂ ಮೊತ್ತ ವರ್ಷದಿಂದ ವರ್ಷಕ್ಕೆ ಏರುವುದು ಏಕೆ? ಹಳೆ ಮೈಸೂರು ಕಡೆ ಮದುವೆಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕ ನೋಡಿದವರಿಗೆ ಇದು ಗೊತ್ತು. ಅವರು 101 ಕೊಟ್ಟರು, ನಾವು ಮರಳಿ ಕೊಡುವಾಗ 151. ಮುಂದಿನ ಸಲ ಅವರು 201. ಯಾರೂ ಇಳಿಯುವುದಿಲ್ಲ. ಮುಯ್ಯಿಯಲ್ಲಾದರೂ ಒಂದು ಅರ್ಥವಿದೆ: ಮದುವೆಯಂಥ ದೊಡ್ಡ ಖರ್ಚಿನ ದಿನ ಹತ್ತು ಜನ ಕೈಜೋಡಿಸುತ್ತಾರೆ, ಅವರ ಮನೆಯ ಮದುವೆಗೆ ನಾವು ಕೈಜೋಡಿಸುತ್ತೇವೆ. ಕ್ರಿಸ್ಮಸ್ ಹಬ್ಬದಲ್ಲಿ ಎಲ್ಲರಿಗೂ ಒಂದೇ ದಿನ ಖರ್ಚು. ಅವರ ಐನೂರು ನಮಗೆ ಬರುತ್ತದೆ, ನಮ್ಮ ಐನೂರು ಅವರಿಗೆ ಹೋಗುತ್ತದೆ, ನಡುವೆ ಎರಡು ಹೂದಾನಿಗಳು ಮನೆ ಬದಲಾಯಿಸುತ್ತವೆ.

ಇದು ಹಳೆಯ ತಲೆನೋವು. ನ್ಯೂಯಾರ್ಕಿನಲ್ಲಿ 1912ರಲ್ಲಿ ಒಂದು ಸಂಘವೇ ಹುಟ್ಟಿತ್ತು. ಹೆಸರು, ಪ್ರಯೋಜನವಿಲ್ಲದ ಉಡುಗೊರೆಗಳನ್ನು ತಡೆಯುವ ಸಂಘ! ಚುಟುಕಾಗಿ ‘ಸ್ಪಗ್’. ದುಡಿಯುವ ಹುಡುಗಿಯರು ಮೇಲಧಿಕಾರಿಗಳಿಗೆ ಕ್ರಿಸ್ಮಸ್ ಕಾಣಿಕೆ ಕೊಡಲೆಂದು ತಮ್ಮ ಚಿಕ್ಕ ಸಂಬಳದಿಂದ ವಂತಿಗೆ ಹಾಕಬೇಕಾಗುತ್ತಿತ್ತು. ಬೇಡ ಎಂದರೆ ಎಲ್ಲಿ ಕೆಲಸಕ್ಕೆ ಕುತ್ತು ಬರುತ್ತದೋ ಎಂಬ ಭಯ. ಎಲೀನರ್ ಬೆಲ್ಮಾಂಟ್ ಮತ್ತು ಆನ್ ಮಾರ್ಗನ್ ಎಂಬ ಶ್ರೀಮಂತ ಮನೆತನದ ಮಹಿಳೆಯರು ಅದರ ವಿರುದ್ಧ ನಿಂತರು. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ ಕೂಡ ಸದಸ್ಯರಾದರು. ಅವರ ತಕರಾರು ಉಡುಗೊರೆಯ ಮೇಲಲ್ಲ, ಬಲವಂತದ ಮೇಲೆ.

ಇನ್ನು ಅಜ್ಜ-ಅಜ್ಜಿಯರಿಗೆ ಸ್ವಲ್ಪ ಕಹಿಯೆನಿಸಬಹುದಾದ ಒಂದು ಸಂಗತಿ. ಜೋಯೆಲ್ ವಾಲ್ಡ್‌ಫೋಗೆಲ್ ಎಂಬ ಅರ್ಥಶಾಸ್ತ್ರಜ್ಞರು ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಕ್ರಿಸ್ಮಸ್ ಉಡುಗೊರೆಗಳ ಬಗ್ಗೆ ಪ್ರಶ್ನಿಸಿ, 1993ರಲ್ಲಿ ಪ್ರಬಂಧ ಪ್ರಕಟಿಸಿದರು. ನಿಮಗೆ ಬಂದ ಉಡುಗೊರೆಗಳ ಬೆಲೆ ಎಷ್ಟಿರಬಹುದು? ಸರಾಸರಿ 438 ಡಾಲರ್ ಎಂದರು. ಕೊಟ್ಟವರ ಪ್ರೀತಿಯ ಮಾತು ಬಿಡಿ, ಅವನ್ನೇ ನೀವು ದುಡ್ಡು ಕೊಟ್ಟು ಕೊಳ್ಳುವುದಾದರೆ ಎಷ್ಟು ಕೊಡುತ್ತಿದ್ದಿರಿ? 313 ಡಾಲರ್ ಎಂದರು. ನಡುವಿನ 125 ಡಾಲರ್ ಗಾಳಿಗೆ ಹೋದಂತೆ. ಸ್ನೇಹಿತರು ಕೊಟ್ಟದ್ದರಲ್ಲಿ ನಷ್ಟ ಕಡಿಮೆ. ಅಜ್ಜ-ಅಜ್ಜಿ, ಚಿಕ್ಕಪ್ಪ-ಅತ್ತೆಯರು ಕೊಟ್ಟದ್ದರಲ್ಲಿ ಹೆಚ್ಚು. ಕಾರಣ ಸರಳ: ಇಂದಿನ ಮಕ್ಕಳಿಗೆ ಏನು ಬೇಕೆಂದು ಹಿರಿಯರಿಗೆ ಅಷ್ಟಾಗಿ ತಿಳಿಯದು. ಪಾಪ, ಅಜ್ಜ-ಅಜ್ಜಿಯರಿಗೂ ಅದು ಗೊತ್ತು. ಉಳಿದೆಲ್ಲರಿಗಿಂತ ಹೆಚ್ಚಾಗಿ ನಗದು ಕೊಡುತ್ತಿದ್ದವರೂ ಅವರೇ.

‘ಪ್ರೀತಿಯ ಮಾತು ಬಿಡಿ’ ಎಂಬ ಆ ಷರತ್ತು ಮಾತ್ರ ದೊಡ್ಡದು. ಆ ಷರತ್ತಿನಂತೆ ಲೆಕ್ಕ ಹಾಕಿದರೆ ಡೆಲ್ಲಾಳ ಸರಪಳಿಗೂ ಜಿಮ್‌ನ ಬಾಚಣಿಗೆಗೂ ಅಂದು ಕವಡೆ ಕಾಸಿನ ಕಿಮ್ಮತ್ತಿಲ್ಲ. ಆದರೂ ಅರ್ಥಶಾಸ್ತ್ರಜ್ಞರ ಮಾತಿನಲ್ಲಿ ಅಜ್ಜಂದಿರಿಗೆ ಉಪಯೋಗದ ಅಂಶವೊಂದಿದೆ. ತಿಳಿಯದಿದ್ದರೆ ಕೇಳಬಹುದು. ಮೊಮ್ಮಗಳನ್ನು ಕೂರಿಸಿಕೊಂಡು, ‘ನೋಡು ಪುಟ್ಟಿ, ನನ್ನ ಹತ್ತಿರ 400 ರೂಪಾಯಿ ಇದೆ. ಅದರೊಳಗೆ ನಿನಗೆ ಇಷ್ಟವಾಗುವ ಮೂರು ವಸ್ತು ಹೇಳು, ಒಂದನ್ನು ನಾನು ತರುತ್ತೇನೆ. ಯಾವುದು ಅಂತ ಮಾತ್ರ ಹೇಳುವುದಿಲ್ಲ’ ಎಂದರೆ ಹಣವೂ ಪೋಲಾಗದು, ಗುಟ್ಟೂ ಉಳಿಯುತ್ತದೆ. ಹಾಗೆ ಮೊತ್ತ ಕೇಳಿದ ಮಗು ಟ್ಯಾಬ್ ಕೇಳುವುದಿಲ್ಲ. ದೊಡ್ಡವರು ಹಣದ ಮಾತನ್ನು ಬಚ್ಚಿಟ್ಟಾಗಲೇ ಮಕ್ಕಳ ಆಸೆಗೆ ಲಗಾಮು ಇಲ್ಲದಾಗುವುದು.

ಮಕ್ಕಳೇ, ಈಗ ನಿಮಗೊಂದು ಗುಣಾಕಾರ. ಕುಟುಂಬದ ಹನ್ನೆರಡು ಮಂದಿ ಹಬ್ಬಕ್ಕೆ ಸೇರುತ್ತೀರಿ. ಪ್ರತಿಯೊಬ್ಬರೂ ಉಳಿದ ಹನ್ನೊಂದು ಮಂದಿಗೆ ಉಡುಗೊರೆ ಕೊಟ್ಟರೆ ಒಟ್ಟು ಎಷ್ಟು ಪೊಟ್ಟಣ? 12ನ್ನು 11ರಿಂದ ಗುಣಿಸಿ: 132. ಒಂದೊಂದಕ್ಕೆ ನೂರೇ ರೂಪಾಯಿ ಎಂದರೂ 13,200 ರೂಪಾಯಿ. ಬದಲಿಗೆ ಹನ್ನೆರಡು ಹೆಸರು ಬರೆದು, ಚೀಟಿ ಮಡಚಿ, ಟೋಪಿಯಲ್ಲಿ ಹಾಕಿ ಒಬ್ಬೊಬ್ಬರು ಒಂದೊಂದು ಎತ್ತಿ. ತನ್ನದೇ ಹೆಸರು ಬಂದರೆ ಎಲ್ಲರೂ ಮತ್ತೆ ಮೊದಲಿಂದ. ಈಗ ಹನ್ನೆರಡೇ ಪೊಟ್ಟಣ. ಒಂದಕ್ಕೆ 300 ಇಟ್ಟರೂ 3,600ಕ್ಕೆ ಮುಗಿಯಿತು. ನಿಮಗೆ ಹನ್ನೊಂದು ಪೆನ್ನು ಬರುವ ಬದಲು ಒಂದು ಒಳ್ಳೆಯ ವಸ್ತು ಬರುತ್ತದೆ. ಶಾಲೆಗಳಲ್ಲಿ, ಕಚೇರಿಗಳಲ್ಲಿ ‘ಕ್ರಿಸ್ಮಸ್ ಫ್ರೆಂಡ್’ ಎಂದು ಆಡುವುದು ಇದನ್ನೇ. ಮಿತಿ ಹಾಕಿದ ಮೇಲೆ ಎಲ್ಲರೂ ಪಾಲಿಸಬೇಕು. ‘ಸ್ವಲ್ಪ ಹೆಚ್ಚಾಯಿತು, ಇರಲಿ ಬಿಡಿ’ ಎನ್ನುವ ದೊಡ್ಡಮ್ಮ ಪ್ರತಿ ಕುಟುಂಬದಲ್ಲೂ ಒಬ್ಬರಿರುತ್ತಾರೆ. ಅವರಿಗೆ ಮೊದಲೇ ಎರಡು ಸಲ ಹೇಳಿಡಿ.

ನಿಮ್ಮ ಸ್ವಂತ ಹುಂಡಿಯಲ್ಲಿ 300 ರೂಪಾಯಿ ಇದೆಯೇ? ಅಪ್ಪ, ಅಮ್ಮ, ಅಜ್ಜ, ಅಜ್ಜಿ, ತಂಗಿ, ಜೀವದ ಗೆಳೆಯ, ಹೀಗೆ ಆರು ಮಂದಿಗೆ 50ರಂತೆ ಸರಿಹೋಗುತ್ತದೆ. 50 ರೂಪಾಯಿಗೆ ಏನು ಸಿಗುತ್ತದೆ ಎಂದು ಮೂಗು ಮುರಿಯಬೇಡಿ. ಅಜ್ಜಿ ಕನ್ನಡಕ ಎಲ್ಲಿಟ್ಟೆ ಎಂದು ದಿನಕ್ಕೆ ಎಷ್ಟು ಸಲ ಹುಡುಕುತ್ತಾರೆ? ಕನ್ನಡಕಕ್ಕೆ ಕಟ್ಟುವ ದಾರ ದುಬಾರಿಯಲ್ಲ. ಅಜ್ಜ ಹಿತ್ತಲಲ್ಲಿ ಗಿಡ ಬೆಳೆಸುವವರಾದರೆ ಬೀಜದ ಪೊಟ್ಟಣ ಆಗುತ್ತದೆ. ಕಾಸೇ ಇಲ್ಲದಿದ್ದರೆ ಕಾರ್ಡಿನಲ್ಲಿ ಹೀಗೆ ಬರೆದುಕೊಡಿ: ‘ಅಜ್ಜಾ, ಈ ಚೀಟಿ ತೋರಿಸಿದರೆ ಹತ್ತು ಸಲ ನಿಮ್ಮ ಮೊಬೈಲಿಗೆ ರೀಚಾರ್ಜ್ ಮಾಡಿಸಿಕೊಡುತ್ತೇನೆ, ಗೊಣಗುವುದಿಲ್ಲ.’ ಇಂಥ ಚೀಟಿಯಲ್ಲಿ ಒಂದೇ ಅಪಾಯ. ಅಜ್ಜ ಅದನ್ನು ಪಾಕೀಟಿನಲ್ಲಿ ಜೋಪಾನವಾಗಿಟ್ಟುಕೊಳ್ಳುತ್ತಾರೆ. ನೀವು ಕ್ರಿಕೆಟ್ ಬ್ಯಾಟು ಹಿಡಿದು ಹೊರಟಾಗಲೇ ಹೊರಗೆ ತೆಗೆಯುತ್ತಾರೆ.

ಪಟ್ಟಿಯಲ್ಲಿ ನೆರೆಮನೆಯವರ ಹೆಸರು ಇಲ್ಲವಲ್ಲ ಎಂದು ಕೇಳಿದಿರಾ? ಕರಾವಳಿಯಲ್ಲಿ ಅವರಿಗೆ ಬೇರೆ ಮೊತ್ತ ತೆಗೆದಿಡುವುದಿಲ್ಲ, ಕುಸ್ವಾರ್ ಡಬ್ಬಿಯಿಂದಲೇ ತಟ್ಟೆ ತುಂಬುತ್ತದೆ. ಹಿಂದೂಗಳ ಮನೆಗೆ, ಮುಸ್ಲಿಮರ ಮನೆಗೆ ಆ ತಟ್ಟೆ ಒಯ್ಯುವ ಕೆಲಸ ಸಾಮಾನ್ಯವಾಗಿ ಮಕ್ಕಳದ್ದು. ಬಟ್ಟೆ ಮುಚ್ಚಿಕೊಂಡು ಹೋಗಿ, ದಾರಿಯಲ್ಲಿ ಗುಳಿಯೊ ಉರುಳಿಬೀಳದಂತೆ ನೋಡಿಕೊಳ್ಳಿ. ಕೊಟ್ಟ ಕೂಡಲೇ ಓಡಿ ಬರಬೇಡಿ. ತಟ್ಟೆ ಖಾಲಿ ಮರಳಿಸಬಾರದೆಂದು ಆ ಮನೆಯ ಅಜ್ಜಿ ಸಕ್ಕರೆ ಡಬ್ಬಿ ಹುಡುಕುತ್ತಿರುತ್ತಾರೆ.