ಪೊದೆಯಲ್ಲಿ ಬಚ್ಚಿಟ್ಟ ಡಬ್ಬಿ, ಕೈಯಲ್ಲಿ ಕಸದ ಚೀಲ

ನಿಧಿಯ ಬೇಟೆ ಎಂದರೆ ಮಕ್ಕಳಿಗೆ ಎಲ್ಲಿಲ್ಲದ ಉತ್ಸಾಹ. ಮಾಸಿದ ನಕ್ಷೆ, ಒಂಟಿ ಮರ, ಅದರ ಬುಡದಲ್ಲಿ ಹೂತಿಟ್ಟ ಪೆಟ್ಟಿಗೆ - ಕಥೆಗಳಲ್ಲಿ ಬರುವ ನಿಧಿಯ ಚಿತ್ರ ಹೀಗೆ. ಆದರೆ ನಕ್ಷೆಯ ಬದಲು ಉಪಗ್ರಹಗಳು ದಾರಿ ತೋರಿಸುವ, ಚಿನ್ನದ ಬದಲು ಪುಟ್ಟದೊಂದು ನೋಟ್ ಪುಸ್ತಕ ಸಿಗುವ ನಿಧಿ ಬೇಟೆಯೊಂದು ಇಂದು 190ಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುತ್ತಿದೆ. ಅದರ ಹೆಸರು ಜಿಯೋಕ್ಯಾಷಿಂಗ್. ‘ಜಿಯೋ’ ಎಂದರೆ ಭೂಮಿ, ‘ಕ್ಯಾಷ್’ ಎಂದರೆ ಬಚ್ಚಿಟ್ಟ ವಸ್ತು. ಜಗತ್ತಿನಾದ್ಯಂತ ಹೀಗೆ ಬಚ್ಚಿಟ್ಟ ಡಬ್ಬಿಗಳ ಸಂಖ್ಯೆ 30 ಲಕ್ಷಕ್ಕೂ ಹೆಚ್ಚು.

ಅವುಗಳಲ್ಲಿ ಬಹಳಷ್ಟು ಇರುವುದು ಉದ್ಯಾನಗಳಲ್ಲಿ, ಕಾಡಿನ ಅಂಚಿನಲ್ಲಿ, ಕೆರೆ ನದಿಗಳ ದಂಡೆಯಲ್ಲಿ. ಡಬ್ಬಿಯ ಬೆನ್ನು ಹತ್ತಿ ಜನ ಬರುತ್ತಾರೆ. ಬರುವ ಜನರಿಂದ ಆ ಜಾಗಕ್ಕೆ ಒಳಿತೋ ಕೆಡುಕೋ? ಉದ್ಯಾನ ನೋಡಿಕೊಳ್ಳುವವರನ್ನು ಮೊದಲಿನಿಂದಲೂ ಕಾಡಿದ ಪ್ರಶ್ನೆ ಇದು. ಇದಕ್ಕೆ ಆಟಗಾರರು ಕೊಟ್ಟುಕೊಂಡ ಉತ್ತರವೇ ಈ ಆಟದ ಸ್ವಾರಸ್ಯಕರ ಭಾಗ.

ಒಂದು ಬಕೆಟ್‌ನಿಂದ ಆರಂಭ

ಜಿ.ಪಿ.ಎಸ್. ಎಂಬುದು ಅಮೆರಿಕದ ಸೇನೆ ರೂಪಿಸಿದ ವ್ಯವಸ್ಥೆ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಂಕೇತಗಳನ್ನು ಕಳುಹಿಸುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ಕೈಯಲ್ಲಿರುವ ಉಪಕರಣ ತಾನಿರುವ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಲೆಕ್ಕ ಹಾಕಿ ಹೇಳುತ್ತದೆ. ಮೊದಲೆಲ್ಲ ಸಾರ್ವಜನಿಕರಿಗೆ ಸಿಗುತ್ತಿದ್ದ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸಲಾಗುತ್ತಿತ್ತು. ಹೀಗಾಗಿ ಲೆಕ್ಕ ಸುಮಾರು 100 ಮೀಟರ್‌ವರೆಗೂ ತಪ್ಪಬಹುದಿತ್ತು. 2000ದ ಮೇ 2ರಂದು ಈ ದೋಷವನ್ನು ತೆಗೆದುಹಾಕಲಾಯಿತು.

ಮರುದಿನವೇ ಡೇವ್ ಅಲ್ಮರ್ ಎಂಬ ಕಂಪ್ಯೂಟರ್ ತಜ್ಞರು ಅದರ ನಿಖರತೆಯನ್ನು ಪರೀಕ್ಷಿಸಲು ಹೊರಟರು. ಅಮೆರಿಕದ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಕಪ್ಪು ಬಕೆಟ್ ಇಟ್ಟು, ಆ ಜಾಗದ ಅಂಕಿಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಬಕೆಟ್‌ನಲ್ಲಿ ಪುಸ್ತಕ, ಕವಣೆ, ಒಂದು ಡಬ್ಬಿ ಬೀನ್ಸ್ ಮುಂತಾದವು ಇದ್ದವು. ಬೇಕಾದ್ದನ್ನು ತೆಗೆದುಕೊಳ್ಳಿ, ಬದಲಿಗೆ ಏನಾದರೂ ಇಡಿ, ಪುಸ್ತಕದಲ್ಲಿ ಹೆಸರು ಬರೆಯಿರಿ - ಇಷ್ಟೇ ನಿಯಮ. ಮೂರೇ ದಿನಗಳಲ್ಲಿ ಇಬ್ಬರು ಅದನ್ನು ಹುಡುಕಿ ತೆಗೆದರು! ಅದೇ ತಿಂಗಳ ಕೊನೆಗೆ ಆಟಕ್ಕೆ ಈಗಿನ ಹೆಸರು ಬಂತು. ಸೆಪ್ಟೆಂಬರ್‌ನಲ್ಲಿ ಇದಕ್ಕೆಂದೇ ಅಂತರ್ಜಾಲ ತಾಣ ತೆರೆದಾಗ ಜಗತ್ತಿನಲ್ಲಿದ್ದ ಡಬ್ಬಿಗಳು ಕೇವಲ 75. ಆಗ ಪ್ರತ್ಯೇಕ ಉಪಕರಣ ಬೇಕಾಗಿತ್ತು. ಈಗ ಜೇಬಿನಲ್ಲಿರುವ ಮೊಬೈಲ್ ಸಾಕು.

ಸಂಶಯದ ಕಣ್ಣು

ಆಟ ಬೆಳೆದಂತೆ ತಕರಾರುಗಳೂ ಬೆಳೆದವು. ಹುಡುಕುವವರು ಕಾಲುದಾರಿ ಬಿಟ್ಟು ನುಗ್ಗಿದರೆ ಗಿಡಗಳು ತುಳಿತಕ್ಕೆ ಸಿಗುತ್ತವೆ. ತಿಂಡಿ ಇಟ್ಟ ಡಬ್ಬಿಯ ವಾಸನೆಗೆ ಪ್ರಾಣಿಗಳು ಬರುತ್ತವೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆ ಇಂಥ ಡಬ್ಬಿಗಳನ್ನು ‘ಬಿಟ್ಟುಹೋದ ವಸ್ತು’ ಎಂದೇ ಪರಿಗಣಿಸಿ ಬಾಗಿಲು ಮುಚ್ಚಿತು. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಎಂಬ ಪಟ್ಟಣದಲ್ಲಿ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಬಾಂಬ್ ಎಂದು ಶಂಕಿಸಿ, ಬೀದಿಯನ್ನೇ ಖಾಲಿ ಮಾಡಿಸಿ, ಸೇನೆಯ ತಜ್ಞರು ಸಿಡಿಸಬೇಕಾಯಿತು. ಅದೂ ಈ ಆಟದ ಡಬ್ಬಿಯೇ!

ಉದ್ಯಾನದ ಬಾಗಿಲು ಮುಚ್ಚಿದರೆ ಆಟವೇ ಇಲ್ಲ. ಆದ್ದರಿಂದ ಕಟ್ಟುನಿಟ್ಟಿನ ನಿಯಮಗಳು ಬಂದವು. ಜಾಗದ ಒಡೆಯರ ಅಥವಾ ಅಧಿಕಾರಿಗಳ ಅನುಮತಿ ಬೇಕೇ ಬೇಕು. ಆಹಾರ ಪದಾರ್ಥ ಕೂಡದು. ಗಿಡಮರಗಳಿಗೆ ಹಾನಿ ಮಾಡಕೂಡದು. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರವಿರಬೇಕು. ಪ್ರತಿಯೊಂದು ಹೊಸ ಡಬ್ಬಿಯ ವಿವರವನ್ನೂ ಅನುಭವಿ ಸ್ವಯಂಸೇವಕರು ಪರಿಶೀಲಿಸಿದ ಮೇಲೆಯೇ ಪ್ರಕಟಣೆ.

ಒಳಗೆ ಡಬ್ಬಿಗಾಗಿ, ಹೊರಗೆ ಕಸದೊಂದಿಗೆ

ಹಾನಿ ಮಾಡದಿದ್ದರೆ ಸಾಲದು, ಉಪಕಾರವೂ ಆಗಬೇಕು ಎಂಬ ಯೋಚನೆಯಿಂದ 2002ರಲ್ಲಿ ‘ಕ್ಯಾಷ್ ಇನ್, ಟ್ರ್ಯಾಷ್ ಔಟ್’ ಎಂಬ ಕಾರ್ಯಕ್ರಮ ಆರಂಭವಾಯಿತು. ಡಬ್ಬಿ ಹುಡುಕಲು ಹೋದವರು ಬರುವಾಗ ದಾರಿಯಲ್ಲಿ ಕಂಡ ಕಸವನ್ನು ಚೀಲದಲ್ಲಿ ಹೊತ್ತು ತರಬೇಕು ಎಂಬುದು ಇದರ ತಿರುಳು. ಮುಂದೆ ಇದು ಸಾಮೂಹಿಕ ಶ್ರಮದಾನವಾಗಿ ಬೆಳೆಯಿತು. ನಿಗದಿತ ದಿನ ಆಟಗಾರರೆಲ್ಲ ಒಂದು ಉದ್ಯಾನದಲ್ಲಿ ಸೇರುತ್ತಾರೆ. ಕಸ ಹೆಕ್ಕುವುದು, ಸಸಿ ನೆಡುವುದು, ಪರದೇಶದಿಂದ ಬಂದು ಹಬ್ಬಿದ ಕಳೆ ಕೀಳುವುದು, ಕಾಲುದಾರಿ ದುರಸ್ತಿ - ಇವು ಅಂದಿನ ಕೆಲಸ.

ಇದರಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಲಾಭವಿದೆ. ಜನ ಕಾಲಿಡದ ಮೂಲೆ ಬೇಗ ಹಾಳಾಗುತ್ತದೆ. ಮುರಿದ ಬೇಲಿ, ಬಿದ್ದ ಮರ, ಯಾರೋ ಸುರಿದುಹೋದ ಕಸ ಕಾವಲುಗಾರನಿಗೂ ಕಾಣುವುದಿಲ್ಲ. ಡಬ್ಬಿ ಇಟ್ಟವರಾದರೋ ಆಗಾಗ ಬಂದು ಅದನ್ನು ನೋಡಿಕೊಳ್ಳಲೇಬೇಕು. ಹುಡುಕಿದವರು ತಾವು ಕಂಡದ್ದನ್ನು ಬರೆದು ತಿಳಿಸುತ್ತಾರೆ. ಹೀಗೆ ಆ ಮೂಲೆಗೂ ಒಬ್ಬರು ದಿಕ್ಕಾಗುತ್ತಾರೆ.

ಊರಿಗೂ ಪ್ರಯೋಜನವುಂಟು. ಅಮೆರಿಕದ ಚೆಸಪೀಕ್ ಕೊಲ್ಲಿಯನ್ನು 1608ರಲ್ಲಿ ಸುತ್ತಿ ನಕ್ಷೆ ಬರೆದ ಕ್ಯಾಪ್ಟನ್ ಜಾನ್ ಸ್ಮಿತ್‌ನ ಹೆಸರಿನಲ್ಲಿ 2009ರಲ್ಲಿ ಡಬ್ಬಿಗಳ ಸರಣಿಯೊಂದನ್ನು ಏರ್ಪಡಿಸಲಾಯಿತು. ಕೊಲ್ಲಿಯ ಸುತ್ತಲಿನ ಉದ್ಯಾನಗಳು, ವಸ್ತುಸಂಗ್ರಹಾಲಯಗಳು, ಚರಿತ್ರೆಯ ತಾಣಗಳನ್ನು ಅದು ಒಂದೇ ದಾರಕ್ಕೆ ಪೋಣಿಸಿತು. ಇದರಲ್ಲಿ ಕೈಜೋಡಿಸಿದ್ದು ಬೇರಾರೂ ಅಲ್ಲ, ಹಿಂದೆ ಬಾಗಿಲು ಮುಚ್ಚಿದ್ದ ಅದೇ ಇಲಾಖೆ! ಡಬ್ಬಿ ಇಡಲು ಬಿಡಬೇಕೇ ಬೇಡವೇ ಎಂಬುದನ್ನು ಅಲ್ಲಿ ಈಗ ಆಯಾ ಉದ್ಯಾನದ ಮುಖ್ಯಸ್ಥರೇ ತೀರ್ಮಾನಿಸುತ್ತಾರೆ.

ಡಬ್ಬಿಯೇ ಇಲ್ಲದ ನಿಧಿ

ಅಮೆರಿಕದ ಭೂವಿಜ್ಞಾನ ಸಂಘ ಇನ್ನೊಂದು ಹೆಜ್ಜೆ ಮುಂದಿಟ್ಟಿತು. 2004ರಲ್ಲಿ ಆರಂಭವಾದ ‘ಅರ್ತ್‌ಕ್ಯಾಷ್’ನಲ್ಲಿ ಬಚ್ಚಿಡುವುದು ಏನೂ ಇಲ್ಲ. ಅಂಕಿ ಹಿಡಿದು ಹೋದವರಿಗೆ ಸಿಗುವುದು ಒಂದು ಬಂಡೆ, ಜಲಪಾತ ಅಥವಾ ಕಣಿವೆ. ಅದು ಹೇಗೆ ಉಂಟಾಯಿತು ಎಂಬ ಪ್ರಶ್ನೆಗಳಿಗೆ ಅಲ್ಲಿಯೇ ನಿಂತು, ನೋಡಿ ಉತ್ತರಿಸಿದರೆ ನಿಧಿ ಸಿಕ್ಕಂತೆ.

ನಮ್ಮ ಶಾಲೆಗಳಿಗೆ ಹೆಚ್ಚು ಒಗ್ಗುವುದು ಈ ಬಗೆಯೇ. ವಾರಸುದಾರರಿಲ್ಲದ ವಸ್ತು ಕಂಡರೆ ಪೊಲೀಸರಿಗೆ ತಿಳಿಸಿ ಎಂದು ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಸಾರುವ ನಾಡಿನಲ್ಲಿ ಅನುಮತಿ ಇಲ್ಲದೆ ಡಬ್ಬಿ ಬಚ್ಚಿಡುವುದು ವಿವೇಕವಲ್ಲ. ಆದರೆ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ಅದರ ಮೇಲೆ ಕುಳಿತು ಕಡಲೆಕಾಯಿ ತಿಂದು ಬಂದವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಊರಿನ ಹಳೆಯ ಮರ, ಕೆರೆಯ ತೂಬು, ವೀರಗಲ್ಲು, ಗುಡ್ಡದ ಬಂಡೆ - ಇಂಥ ಹತ್ತು ಜಾಗಗಳ ಅಕ್ಷಾಂಶ, ರೇಖಾಂಶ ಗುರುತಿಸಿ, ಒಂದೊಂದಕ್ಕೂ ಒಂದು ಪ್ರಶ್ನೆ ಬರೆದರೆ ಒಂದು ಭಾನುವಾರದ ಆಟ ಸಿದ್ಧ. ಭೂಗೋಳದ ಪಾಠವೂ ಆಯಿತು, ಕಾಲಿಗೆ ಕೆಲಸವೂ ಆಯಿತು. ಮಕ್ಕಳ ಜೊತೆ ಹಿರಿಯರೂ ಹೊರಟರೆ ಒಳ್ಳೆಯದು. ಹೊರಡುವಾಗ ಕೈಯಲ್ಲೊಂದು ಖಾಲಿ ಗೋಣಿಚೀಲವಿರಲಿ. ಕೆರೆಯ ದಂಡೆಗೆ ಹೋದರೆ ಅದು ತುಂಬಲು ಹೆಚ್ಚು ಹೊತ್ತು ಬೇಕಾಗದು.